ದುಡಿ, ತಟ್ಟೆ, ಸುರುಳಿ: ಕೊಡಗಿನ ಹಾಡುಗಳು ಮತ್ತು ಧ್ವನಿಮುದ್ರಣ ಉದ್ಯಮ

ಭಾರತದಲ್ಲಿ ಧ್ವನಿಮುದ್ರಣದ ಇತಿಹಾಸವನ್ನು ಬಹುಮಟ್ಟಿಗೆ ಮಹಾನಗರಗಳ ಇತಿಹಾಸವಾಗಿಯೇ ಬರೆಯಲಾಗಿದೆ. ೧೯೦೨ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಪರವಾಗಿ ಬಂದ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ತಟ್ಟೆಗೆ ಇಳಿಸಿದ ಪ್ರಸಂಗದಿಂದ ಆರಂಭವಾಗುವ ಈ ಕಥನ ಡಂಡಂನ ಕಾರ್ಖಾನೆ, ಮುಂಬಯಿಯ ಸಿನಿಮಾ, ಮದರಾಸಿನ ಸ್ಟುಡಿಯೋ, ಬೆಂಗಳೂರಿನ ಕ್ಯಾಸೆಟ್ ಕಂಪನಿ ಎಂದು ನಗರದಿಂದ ನಗರಕ್ಕೆ ಸಾಗುತ್ತದೆ. ಇದರಲ್ಲಿ ಹಳ್ಳಿಗೂ ಸಣ್ಣ ಊರಿಗೂ ದೊರೆತಿರುವ ಸ್ಥಾನ ಗಾಯಕರನ್ನು ಕಳುಹಿಸಿಕೊಡುವ ತವರಿನದು, ಇಲ್ಲವೇ ಸರಕನ್ನು ಕೊಳ್ಳುವ ಸಂತೆಯದು. ಜನಪದ ಹಾಡಿನ ದೃಷ್ಟಿಯಿಂದ ಈ ಇತಿಹಾಸವನ್ನು ಮತ್ತೊಮ್ಮೆ ಓದುವುದಾದರೆ ಕೊಡಗು ಒಂದು ವಿಶಿಷ್ಟ ನಿದರ್ಶನವಾಗಿ ನಿಲ್ಲುತ್ತದೆ. ಹಾಡಿನ ಸಂಪತ್ತು ಇಷ್ಟು ದಟ್ಟವಾಗಿದ್ದು, ಆ ಹಾಡುಗಳು ೧೯೨೪ರಷ್ಟು ಹಿಂದೆಯೇ ಪುಸ್ತಕರೂಪದಲ್ಲಿ ಅಚ್ಚಾಗಿದ್ದು, ಅವುಗಳ ಧ್ವನಿ ಮಾತ್ರ ಮಾರುಕಟ್ಟೆಗೆ ತೀರ ತಡವಾಗಿ, ಅದೂ ತುಂಡುತುಂಡಾಗಿ ಬಂದ ಪ್ರದೇಶ ಇದು. ಈ ಅಂತರ ಏಕೆ ಉಂಟಾಯಿತು, ಅದರಿಂದ ಯಾವ ಹಾಡು ಉಳಿಯಿತು, ಯಾವುದು ಹೊರಗುಳಿಯಿತು ಎಂಬುದು ಇಲ್ಲಿನ ಪರಿಶೀಲನೆಯ ವಿಷಯ.

ಸಣ್ಣ ಊರಿನಲ್ಲಿ ಧ್ವನಿಮುದ್ರಣ ಕಂಪನಿಯೊಂದು ಹುಟ್ಟುವುದು ಅಸಂಭವವೇನಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ರಿಚ್‌ಮಂಡ್ ಎಂಬ ಊರಿನಲ್ಲಿದ್ದ ಸ್ಟಾರ್ ಪಿಯಾನೊ ಕಂಪನಿ ತನ್ನ ಒಡೆಯರ ಮನೆತನದ ಹೆಸರಿನಲ್ಲಿ ೧೯೧೭ರಿಂದ ‘ಜೆನೆಟ್’ ಎಂಬ ತಟ್ಟೆಗಳನ್ನು ಹೊರತರತೊಡಗಿತು. ಪಿಯಾನೊ ಕಾರ್ಖಾನೆಯ ಅಂಗಳದಲ್ಲಿ, ರೈಲುಹಳಿಯ ಪಕ್ಕದಲ್ಲಿಯೇ ಅದರ ಸ್ಟುಡಿಯೋ. ರೈಲು ಬಂದರೆ ಮುದ್ರಣ ನಿಲ್ಲಬೇಕು. ಪಾರ್ಶ್ವಚಲನೆಯ ಗೀರುಗಳುಳ್ಳ ತಟ್ಟೆ ತನ್ನ ಸ್ವಾಮ್ಯವೆಂದು ವಿಕ್ಟರ್ ಕಂಪನಿ ಹೂಡಿದ ಮೊಕದ್ದಮೆಯಲ್ಲಿ ೧೯೨೦ರ ದಶಕದ ಆರಂಭದಲ್ಲಿ ಸ್ಟಾರ್ ಕಂಪನಿ ಗೆದ್ದದ್ದರಿಂದ ಇತರ ಸಣ್ಣ ಕಂಪನಿಗಳಿಗೂ ದಾರಿ ತೆರೆಯಿತು. ೧೯೨೩ರ ಏಪ್ರಿಲಿನಲ್ಲಿ ಕಿಂಗ್ ಆಲಿವರ್ ಅವರ ಜಾಸ್ ಮೇಳ, ಅದರೊಳಗಿನ ತರುಣ ಲೂಯಿ ಆರ್ಮ್‌ಸ್ಟ್ರಾಂಗ್, ಈ ರೈಲುಹಳಿಯ ಸ್ಟುಡಿಯೋಕ್ಕೆ ಬಂದು ನುಡಿಸಿದರು. ನೆರೆಯ ಕೆಂಟಕಿಯ ಗುಡ್ಡಗಾಡಿನ ಪಿಟೀಲುಗಾರರೂ ಪದಗಾರರೂ ಇಲ್ಲಿಗೆ ಬಂದರು. ಮುಂದೆ ‘ಕಂಟ್ರಿ’ ಎಂಬ ಹೆಸರು ಪಡೆದ ಸಂಗೀತದ ಆರಂಭದ ತಟ್ಟೆಗಳಲ್ಲಿ ಗಣನೀಯ ಭಾಗ ಇಲ್ಲಿಯದು. ಅಂಚೆಯ ಮೂಲಕ ಸರಕು ಮಾರುತ್ತಿದ್ದ ಸಿಯರ್ಸ್ ಸಂಸ್ಥೆಯ ಪಟ್ಟಿಯಲ್ಲಿ ಬೇರೆ ಹೆಸರಿನಡಿ ಈ ತಟ್ಟೆಗಳು ರೈತರ ಮನೆ ಸೇರಿದವು. ಆರ್ಥಿಕ ಕುಸಿತದ ಹೊಡೆತಕ್ಕೆ ೧೯೩೪ರಲ್ಲಿ ಜೆನೆಟ್ ಮುಚ್ಚಿತು.

ಈ ಉದಾಹರಣೆಯನ್ನು ಇಲ್ಲಿ ತರುವುದು ಹೋಲಿಕೆಯ ಬೆರಗಿಗಾಗಿ ಅಲ್ಲ. ಹಾಡಿನ ಕಂಪನಿಯೊಂದು ಹುಟ್ಟಲು ಹಾಡೊಂದೇ ಸಾಲದು ಎಂಬುದನ್ನು ರಿಚ್‌ಮಂಡ್ ತೋರಿಸುತ್ತದೆ. ಮೊದಲೇ ನೆಲೆಗೊಂಡ ಕಾರ್ಖಾನೆಯ ಬಂಡವಾಳ, ರೈಲು, ಅಂಚೆಯ ಅಂಗಡಿ, ಒಂದೇ ಭಾಷೆಯನ್ನಾಡುವ ಕೋಟ್ಯಂತರ ಕೇಳುಗರು, ಇವೆಲ್ಲಕ್ಕಿಂತ ಮಿಗಿಲಾಗಿ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ, ಎಂದರೆ ಸುಮಾರು ಮೂರು ನಿಮಿಷಕ್ಕೆ, ಹೊಂದಿಕೊಳ್ಳಬಲ್ಲ ಹಾಡಿನ ರೂಪ ಅಲ್ಲಿದ್ದವು. ಕೊಡಗಿನಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಕೊಡಗು ಜಿಲ್ಲೆಯೊಳಗೆ ಇಂದಿಗೂ ರೈಲುಹಳಿ ಇಲ್ಲ. ೧೯೦೧ರ ಜನಗಣತಿಯಲ್ಲಿ ಕೊಡಗು ಪ್ರಾಂತದ ಒಟ್ಟು ಜನಸಂಖ್ಯೆ ೧,೮೦,೬೦೭. ೧೯೩೧ರ ಹೊತ್ತಿಗೆ ಅದು ೧,೬೩,೩೨೭ಕ್ಕೆ ಇಳಿದಿತ್ತು. ತಟ್ಟೆಯ ಯುಗದ ಮೊದಲ ಮೂವತ್ತು ವರ್ಷಗಳಲ್ಲಿ ಕೇಳುಗರ ಸಂಖ್ಯೆಯೇ ಕುಗ್ಗಿದ ನಾಡು ಇದು. ಅವರಲ್ಲಿಯೂ ಕೊಡವ ತಕ್ಕ್ ಆಡುವವರು ಅಲ್ಪಸಂಖ್ಯಾತರು. ಉಳಿದವರು ಕನ್ನಡ, ಅರೆಭಾಷೆ, ಮಲಯಾಳ, ತುಳು, ಎರವ ಮತ್ತು ಕುರುಬ ಸಮುದಾಯಗಳ ನುಡಿಗಳನ್ನಾಡುವವರು. ಮದರಾಸಿನಲ್ಲಿ ಕುಳಿತು ಲೆಕ್ಕ ಹಾಕುವ ವ್ಯಾಪಾರಿಗೆ ಇದು ಮಾರುಕಟ್ಟೆಯೇ ಅಲ್ಲ. ಕನ್ನಡದ ಮಟ್ಟಿಗೂ ತಟ್ಟೆಯ ಕಂಪನಿಗಳು ಹುಡುಕಿದ್ದು ಶಾಸ್ತ್ರೀಯ ಸಂಗೀತ, ದೇವರನಾಮ ಮತ್ತು ನಾಟಕ ಕಂಪನಿಗಳ ರಂಗಗೀತೆಗಳನ್ನು. ರಾಗಿ ಬೀಸುವ ಪದವನ್ನಲ್ಲ.

ಆದರೆ ಸಂಖ್ಯೆಯ ಕೊರತೆಯಷ್ಟೇ ಕಾರಣವೆಂದರೆ ವಿಷಯ ಅರ್ಧಕ್ಕೆ ನಿಲ್ಲುತ್ತದೆ. ಕೊಡವರ ಹಾಡಿನ ಸ್ವರೂಪವನ್ನೇ ಗಮನಿಸಬೇಕಾಗುತ್ತದೆ.

‘ಬಾಳೋ ಬಾಳೋ’ ಎಂಬ ಉದ್ಗಾರದಿಂದ ಹೆಸರು ಪಡೆದ ಬಾಳೋಪಾಟನ್ನು ಸಾಮಾನ್ಯವಾಗಿ ನಾಲ್ವರು ಗಂಡಸರು ಹಾಡುತ್ತಾರೆ. ಪ್ರತಿಯೊಬ್ಬರ ಕೈಯಲ್ಲಿಯೂ ನಡು ಸಣ್ಣಗಿರುವ ದುಡಿ. ಇನ್ನೊಂದು ಕೈಯಲ್ಲಿ ಅದನ್ನು ಬಡಿಯುವ ಸಣ್ಣ ಕೋಲು. ಇಬ್ಬರು ಸಾಲನ್ನು ಎತ್ತಿದರೆ ಮತ್ತಿಬ್ಬರು ಅದನ್ನು ಹಿಡಿದು ಮುಂದುವರಿಸುತ್ತಾರೆ. ರಾಗದ ಏರಿಳಿತ ಕಡಿಮೆ, ಸಾಲುಗಳು ಗಿಡ್ಡ, ನಡೆ ಒಂದೇ ಸಮ. ಕೇಳುವ ಹೊರಗಿನವರಿಗೆ ಇದು ಏಕತಾನವೆಂದು ತೋರಬಹುದು, ಹಾಗೆಂದು ಬರೆದವರೂ ಇದ್ದಾರೆ. ವಾಸ್ತವದಲ್ಲಿ ಆ ಸಮನಡೆಯೇ ಹಾಡುಗಾರನ ಬಂಡವಾಳ. ಒಂದು ಜೋಡಿ ಸಾಲನ್ನು ಪುನರಾವರ್ತಿಸುತ್ತಿರುವಾಗ ಇನ್ನೊಂದು ಜೋಡಿಗೆ ಮುಂದಿನ ಸಾಲನ್ನು ನೆನೆಯಲು, ಸಂದರ್ಭಕ್ಕೆ ತಕ್ಕ ಹೆಸರನ್ನು ಹೊಂದಿಸಿಕೊಳ್ಳಲು ಬಿಡುವು ದೊರೆಯುತ್ತದೆ. ದೇವರ ಸ್ಮರಣೆ, ನಾಡಿನ ಹೊಗಳಿಕೆ, ಊರಿನ ವರ್ಣನೆ, ಅನಂತರ ಕಥೆಯ ಪ್ರವೇಶ ಎಂಬ ಸಿದ್ಧ ಚೌಕಟ್ಟು ಇದೆ. ಅದರೊಳಗೆ ಸಿದ್ಧ ನುಡಿಗಟ್ಟುಗಳಿವೆ. ಇವುಗಳಿಂದ ಹಾಡು ಎಷ್ಟು ಹೊತ್ತಿನವರೆಗೆ ಬೇಕಾದರೂ ಬೆಳೆಯುತ್ತದೆ.

ಈ ಬೆಳೆಯುವಿಕೆ ಸಂದರ್ಭವನ್ನು ಅವಲಂಬಿಸಿದೆ. ಪುತ್ತರಿಯ ದಿನಗಳಲ್ಲಿ ಮನೆಯಿಂದ ಮನೆಗೆ ಹೋಗಿ ಹಾಡುವ ಮನೆಪಾಟಿನಲ್ಲಿ ಆಯಾ ಒಕ್ಕದ ಹೆಸರು, ಐನ್‌ಮನೆಯ ಕಂಬ, ಬಾಗಿಲು, ನೆಲ್ಲಕ್ಕಿಯ ದೀಪ, ಮನೆಯ ಹಿರಿಯರು ಹಾಡಿನೊಳಗೆ ಬರುತ್ತಾರೆ. ಮದುವೆಯ ಮಂಗಲಪಾಟಿನಲ್ಲಿ ಎರಡೂ ಕಡೆಯ ಮನೆತನಗಳು ಬರುತ್ತವೆ. ಸಾವಿನ ಮನೆಯಲ್ಲಿ ಹಾಡುವ ಚಾವುಪಾಟು ಸತ್ತವರ ಬದುಕನ್ನು ಹೇಳುತ್ತದೆ. ಇಗ್ಗುತಪ್ಪನಂತಹ ದೈವಗಳ ದೇವಪಾಟುಗಳೂ ನಾಡಿನ ಕಟ್ಟಳೆಗಳನ್ನು ಹೇಳುವ ದೇಶಕೆಟ್ಟ್ ಪಾಟೂ ಕಥನದ ವಿಸ್ತಾರವುಳ್ಳವು. ಇವುಗಳಲ್ಲಿ ಯಾವುದನ್ನು ಮೂರು ನಿಮಿಷದ ತಟ್ಟೆಗೆ ಇಳಿಸಬಹುದು? ಮನೆಪಾಟನ್ನು ಇಳಿಸಿದರೆ ಅದು ಒಂದು ಮನೆಯ ಹಾಡಾಗುತ್ತದೆ, ಇತರ ಮನೆಯವರು ಕೊಳ್ಳಲಾರರು. ಮನೆಯ ಹೆಸರನ್ನು ಕೈಬಿಟ್ಟರೆ ಅದು ಮನೆಪಾಟಾಗಿ ಉಳಿಯುವುದಿಲ್ಲ. ಚಾವುಪಾಟಿನ ಮಾತಂತೂ ಬೇರೆಯೇ. ಸಾವಿನ ಹಾಡನ್ನು ಹಣಕೊಟ್ಟು ತಂದು, ಸಂಜೆ ಹೊತ್ತು ಮನೆಯೊಳಗೆ ಹಾಕಿ ಕೇಳುವ ಗೃಹಸ್ಥ ಯಾವ ನಾಡಿನಲ್ಲಿದ್ದಾನೆ? ಮಾರುಕಟ್ಟೆ ಹಾಡನ್ನು ಅದರ ಸಂದರ್ಭದಿಂದ ಬಿಡಿಸಿಕೊಂಡು ಮಾರುತ್ತದೆ. ಕೊಡಗಿನ ಹಿರಿಯ ಹಾಡುಗಳಾದರೋ ಸಂದರ್ಭದಿಂದ ಬಿಡಿಸಿದರೆ ಅರ್ಥ ಕಳೆದುಕೊಳ್ಳುವಂತಹವು.

ಉದ್ದದ ಸಮಸ್ಯೆ ಕೊಡಗಿಗೆ ಮಾತ್ರ ಸೀಮಿತವಾದುದಲ್ಲ. ೧೯೩೦ರ ದಶಕದ ನಡುವಿನಲ್ಲಿ ಯುಗೊಸ್ಲಾವಿಯದ ಕಾವ್ಯಗಾಯಕರನ್ನು ಅಧ್ಯಯನ ಮಾಡಿದ ಮಿಲ್ಮನ್ ಪ್ಯಾರಿ ಒಂದು ತಟ್ಟೆ ಮುಗಿಯುತ್ತಿದ್ದಂತೆ ಇನ್ನೊಂದು ತಿರುಗುವಂತೆ ಎರಡು ಚಕ್ರಗಳುಳ್ಳ ಯಂತ್ರವನ್ನು ವಿಶೇಷವಾಗಿ ಮಾಡಿಸಿಕೊಂಡು ಹೋಗಬೇಕಾಯಿತು. ಅದರಿಂದಲೇ ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಸಾವಿರಾರು ಸಾಲಿನ ಕಾವ್ಯಗಳು ಅಖಂಡವಾಗಿ ಉಳಿದವು. ನಮ್ಮ ನೆರೆಯ ತುಳುನಾಡಿನಲ್ಲಿ ೧೯೯೦ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಆರು ದಿನಗಳ ಕಾಲ ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೋಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ಜೊತೆಗೂಡಿ ದಾಖಲಿಸಿದರು. ೧೯೯೮ರಲ್ಲಿ ಪ್ರಕಟವಾದ ಆ ಪಠ್ಯದ ಸಾಲುಗಳು ೧೫,೬೮೩. ಈ ಎರಡೂ ಕೆಲಸಗಳನ್ನು ಮಾಡಿಸಿದ್ದು ವಿಶ್ವವಿದ್ಯಾಲಯಗಳು ಮತ್ತು ಸಂಶೋಧನ ಸಂಸ್ಥೆಗಳು, ಕಂಪನಿಗಳಲ್ಲ. ದೀರ್ಘ ಕಥನದ ಹಾಡನ್ನು ಉಳಿಸುವ ಕೆಲಸ ಉದ್ಯಮದಿಂದ ಆದದ್ದು ಬಹಳ ವಿರಳ.

ಕೊಡಗಿನಲ್ಲಿ ಆ ಕೆಲಸವನ್ನು ಮಾಡಿದ್ದು ಪುಸ್ತಕ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದ ಮೂಲಕ ೧೮೭೦ರ ಸುಮಾರಿಗೆ ಕೊಡಗಿನ ಹಾಡುಗಳು ಮೊದಲು ಅಚ್ಚಿನ ಮೊಳೆ ಕಂಡವು. ಎ. ಗ್ರೇಟರ್ ಅವರ ಹಾಡುಗಳ ಸಂಗ್ರಹ ಮತ್ತು ವ್ಯಾಕರಣದ ರೂಪರೇಷೆ, ೧೮೭೦ರಲ್ಲಿ ಬಂದ ಜಿ. ರಿಕ್ಟರ್ ಅವರ ಕೊಡಗು ಕೈಪಿಡಿ ಈ ಕಾಲದವು. ಇವುಗಳ ಉದ್ದೇಶ ಭಾಷೆಯನ್ನೂ ಜನರನ್ನೂ ಹೊರಗಿನವರಿಗೆ ಪರಿಚಯಿಸುವುದು. ಹಾಡಿದವರಿಗಾಗಿಯೇ, ಅವರ ಮಕ್ಕಳು ಮರೆಯದಿರಲೆಂದು, ಅವರದೇ ನುಡಿಯಲ್ಲಿ ಕನ್ನಡ ಲಿಪಿಯಲ್ಲಿ ಹಾಡುಗಳನ್ನು ಅಚ್ಚಿಗೆ ತಂದವರು ನಡಿಕೇರಿಯಂಡ ಚಿಣ್ಣಪ್ಪ. ಪೊಲೀಸ್ ಇಲಾಖೆಯ ಅಧಿಕಾರಿಯಾಗಿದ್ದ ಅವರು (೧೮೭೫–೧೯೩೧) ಹಾಡುಗಾರರಿಂದ ಕೇಳಿ ಬರೆದುಕೊಂಡು ೧೯೨೪ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯ ಬಹುಭಾಗ ಹಾಡುಗಳೇ. ಜೊತೆಗೆ ಗಾದೆಗಳು, ಒಗಟುಗಳು, ಹುಟ್ಟು ಮದುವೆ ಸಾವುಗಳ ಕಟ್ಟಳೆಗಳು ಇವೆ. ಒಂದು ಸಮುದಾಯದ ಜಾನಪದವನ್ನು ಆ ಸಮುದಾಯದವರೇ ಇಷ್ಟು ಸಮಗ್ರವಾಗಿ ಸಂಗ್ರಹಿಸಿದ ಆರಂಭದ ಭಾರತೀಯ ಪುಸ್ತಕಗಳಲ್ಲಿ ಇದು ಒಂದು. ಎಂ.ಎನ್. ಶ್ರೀನಿವಾಸ್ ಅವರು ೧೯೫೨ರಲ್ಲಿ ಪ್ರಕಟಿಸಿದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಪ್ರಸಿದ್ಧ ಗ್ರಂಥವೂ ಇದನ್ನು ಬಳಸಿಕೊಂಡಿತು. ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಇದನ್ನು ಇಂಗ್ಲಿಷಿಗೆ ಅನುವಾದಿಸಿ ೨೦೦೩ರಲ್ಲಿ ಹೊರತಂದರು.

ರಿಚ್‌ಮಂಡ್‌ನ ಸ್ಟುಡಿಯೋದಲ್ಲಿ ಪಿಟೀಲುಗಾರರು ಕೊಳವೆಯ ಮುಂದೆ ನಿಂತು ನುಡಿಸುತ್ತಿದ್ದ ಅದೇ ವರ್ಷಗಳಲ್ಲಿ ಕೊಡಗಿನಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಹಾಳೆಯ ಮೇಲೆ ಅದೇ ಬಗೆಯ ಕೆಲಸವನ್ನು ಮಾಡುತ್ತಿದ್ದರು ಎಂಬ ಕಾಲಸಾಮ್ಯ ಗಮನಾರ್ಹವಾದುದು. ವ್ಯತ್ಯಾಸವೂ ಅಷ್ಟೇ ಗಮನಾರ್ಹ. ತಟ್ಟೆಯಲ್ಲಿ ಹಾಡುಗಾರನ ಕಂಠ, ಉಸಿರು, ತಪ್ಪು ಉಳಿಯುತ್ತವೆ, ಕಥೆ ಕತ್ತರಿಸಿಹೋಗುತ್ತದೆ. ಪುಸ್ತಕದಲ್ಲಿ ಕಥೆ ಪೂರ್ತಿ ಉಳಿಯುತ್ತದೆ; ದುಡಿಯ ಪೆಟ್ಟು, ಎರಡು ಜೋಡಿಗಳ ಕೊಡುಕೊಳ್ಳುವಿಕೆ, ಸಾಲು ಎಳೆಯುವ ರೀತಿ ಹಾರಿಹೋಗುತ್ತವೆ. ಅಲ್ಲದೆ ಅಚ್ಚಾದ ಪಠ್ಯಕ್ಕೆ ಒಂದು ಅಧಿಕಾರ ಪ್ರಾಪ್ತವಾಗುತ್ತದೆ. ಹಲವು ಹಾಡುಗಾರರ ಹಲವು ಪಾಠಗಳಲ್ಲಿ ಒಂದಾಗಿದ್ದುದು ‘ಸರಿಯಾದ ಪಾಠ’ ಎನಿಸಿಕೊಂಡು, ಮುಂದಿನ ತಲೆಮಾರಿನವರು ಬಾಯಿಂದ ಬಾಯಿಗೆ ಕಲಿಯುವ ಬದಲು ಪುಸ್ತಕದಿಂದ ಕಲಿಯುವ ಸ್ಥಿತಿ ಬರುತ್ತದೆ. ಇದನ್ನು ಸಂಗ್ರಾಹಕರ ದೋಷವೆನ್ನಲಾಗದು. ಅವರು ಸಂಗ್ರಹಿಸದಿದ್ದರೆ ಚರ್ಚೆಗೆ ಪಠ್ಯವೇ ಇರುತ್ತಿರಲಿಲ್ಲ. ಆದರೂ ಜಾನಪದದ ವಿದ್ಯಾರ್ಥಿ ಗಮನಿಸಬೇಕಾದ ಸಂಗತಿ ಇದು: ಕೊಡಗಿನಲ್ಲಿ ಮುಂದೆ ಧ್ವನಿಮುದ್ರಣ ಬಂದಾಗ ಅದು ನೇರವಾಗಿ ಮೌಖಿಕ ಪರಂಪರೆಯನ್ನು ಎದುರುಗೊಳ್ಳಲಿಲ್ಲ. ಆ ಹೊತ್ತಿಗಾಗಲೇ ಪುಸ್ತಕವನ್ನು ಹಾದುಬಂದಿದ್ದ ಪರಂಪರೆಯನ್ನು ಎದುರುಗೊಂಡಿತು.

ಇದೇ ಕಾಲದ ಇನ್ನೊಂದು ಧಾರೆ ಹರದಾಸ ಅಪ್ಪಚ್ಚಕವಿಯವರದು (೧೮೬೮–೧೯೪೪). ‘ಯಯಾತಿ’, ‘ಸಾವಿತ್ರಿ’, ‘ಸುಬ್ರಹ್ಮಣ್ಯ’, ‘ಕಾವೇರಿ’ ಎಂಬ ಅವರ ಕೊಡವ ನಾಟಕಗಳಲ್ಲಿನ ಹಾಡುಗಳು ಹರಿಕಥೆ ಮತ್ತು ಕಂಪನಿ ನಾಟಕಗಳ ಸಂಗೀತದ ಹತ್ತಿರದವು. ಇವಕ್ಕೆ ಹಾಡುಗಾರ ಒಬ್ಬ ಸಾಕು, ಹಾರ್ಮೋನಿಯಂ ಹೊಂದುತ್ತದೆ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಧ್ವನಿಮುದ್ರಣಕ್ಕೆ ಒಗ್ಗುವ ಹಾಡಿನ ಮಾದರಿ ಕೊಡವ ಭಾಷೆಯಲ್ಲಿ ಹೀಗೆ ಸಿದ್ಧವಾಗಿತ್ತು. ಅನಂತರದ ಕೊಡವ ಭಾವಗೀತೆ, ಭಕ್ತಿಗೀತೆ ಮತ್ತು ಚಲನಚಿತ್ರಗೀತೆಗಳು ದುಡಿಯ ವಂಶಕ್ಕಿಂತ ಹೆಚ್ಚಾಗಿ ಈ ವಂಶಕ್ಕೆ ಸೇರಿದವು ಎಂದರೆ ತಪ್ಪಾಗದು. ಮೊದಲ ಕೊಡವ ಚಲನಚಿತ್ರ ‘ನಾಡ ಮಣ್ಣ್ ನಾಡ ಕೂಳ್’ ತೆರೆಗೆ ಬಂದದ್ದು ೧೯೭೨ರಲ್ಲಿ.

೧೯೭೦ರ ದಶಕದ ಕೊನೆಯಿಂದ ಚಿತ್ರ ಬದಲಾಗುತ್ತದೆ. ತಟ್ಟೆಯನ್ನು ಅಚ್ಚುಹಾಕಲು ಕಾರ್ಖಾನೆ ಬೇಕು. ಧ್ವನಿಸುರುಳಿಯನ್ನು ನಕಲು ಮಾಡಲು ಒಂದು ಕೋಣೆ, ಕೆಲವು ಯಂತ್ರಗಳು ಸಾಕು. ಹಲವು ದಶಕಗಳ ಕಾಲ ಒಂದೇ ಕಂಪನಿಯ ಹಿಡಿತದಲ್ಲಿದ್ದ ಭಾರತದ ಧ್ವನಿಮಾರುಕಟ್ಟೆ ೧೯೮೦ರ ದಶಕದಲ್ಲಿ ನೂರಾರು ಸಣ್ಣ ಕಂಪನಿಗಳಾಗಿ ಒಡೆಯಿತು. ಪೀಟರ್ ಮ್ಯಾನುವೆಲ್ ಅವರು ೧೯೯೩ರ ತಮ್ಮ ಗ್ರಂಥದಲ್ಲಿ ಉತ್ತರ ಭಾರತದ ಮಟ್ಟಿಗೆ ಈ ಬದಲಾವಣೆಯನ್ನು ವಿವರವಾಗಿ ಗುರುತಿಸಿದ್ದಾರೆ. ಸಣ್ಣ ಭಾಷೆ ಮತ್ತು ಉಪಭಾಷೆಗಳ ಹಾಡುಗಳು ಮೊದಲ ಬಾರಿಗೆ ಸರಕಾದದ್ದು ಆಗಲೇ. ಕನ್ನಡದಲ್ಲಿ ೧೯೭೮ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಧ್ವನಿಸುರುಳಿಯಾಗಿ ಬಂದು ಭಾವಗೀತೆಯ ಹೊಸ ಮಾರುಕಟ್ಟೆಯನ್ನು ತೆರೆಯಿತು. ಸಂಗೀತಾ, ಲಹರಿಯಂತಹ ಕಂಪನಿಗಳು ಬೆಳೆದವು. ಜನಪದ ಗೀತೆಗಳೂ ಬಂದವು; ಆದರೆ ಬಹುತೇಕ ನಗರದ ವಾದ್ಯವೃಂದದೊಡನೆ, ಪಲ್ಲವಿ ಚರಣಗಳ ಅಚ್ಚಿನಲ್ಲಿ. ಕರಾವಳಿಯಲ್ಲಿ ಇದಕ್ಕೊಂದು ಸ್ವಾರಸ್ಯಕರ ಅಪವಾದವಿದೆ. ಯಕ್ಷಗಾನ ತಾಳಮದ್ದಳೆಯ ಪ್ರಸಂಗಗಳು ಹಲವು ಸುರುಳಿಗಳ ಕಟ್ಟುಗಳಾಗಿ ಮಂಗಳೂರಿನಿಂದ ಕಾಸರಗೋಡಿನವರೆಗೆ ಮಾರಾಟವಾದವು. ಎಂದರೆ ಗಂಟೆಗಟ್ಟಲೆಯ ಕಲೆಯನ್ನು ಸುರುಳಿ ಹೊರಲಾರದು ಎನ್ನುವಂತಿಲ್ಲ; ಅರ್ಥಗಾರಿಕೆಯ ಹುಚ್ಚು ಹಿಡಿದ ಕೇಳುಗರು ಸಾಕಷ್ಟು ಸಂಖ್ಯೆಯಲ್ಲಿದ್ದರೆ ಸುರುಳಿಯ ಸಂಖ್ಯೆ ತಾನಾಗಿ ಹೆಚ್ಚುತ್ತದೆ.

ಕೊಡವ ಹಾಡುಗಳ ಧ್ವನಿಸುರುಳಿಗಳೂ ಈ ಅಲೆಯಲ್ಲಿಯೇ ಬಂದವು. ಆದರೆ ಕೇಳುಗರ ಲೆಕ್ಕ ಮತ್ತೆ ಅಡ್ಡಬಂತು. ೨೦೦೧ರ ಜನಗಣತಿಯಲ್ಲಿ ಕೊಡವ ಭಾಷೆಯನ್ನು ಮಾತೃಭಾಷೆಯೆಂದು ಹೇಳಿದವರು ೧,೬೬,೧೮೭, ೨೦೧೧ರಲ್ಲಿ ೧,೧೩,೮೫೭. (ಎಣಿಕೆದಾರನಿಗೆ ಜನ ಏನು ಹೇಳುತ್ತಾರೆ ಎಂಬುದರ ಮೇಲೆ ಇಂತಹ ಅಂಕಿಗಳು ನಿಂತಿರುವುದರಿಂದ ಈ ಇಳಿಕೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ.) ಅದೇ ೨೦೧೧ರಲ್ಲಿ ತುಳು ಭಾಷಿಕರು ಹದಿನೆಂಟು ಲಕ್ಷಕ್ಕೂ ಹೆಚ್ಚು. ಯುನೆಸ್ಕೊ ೨೦೦೯ರ ತನ್ನ ಭೂಪಟದಲ್ಲಿ ಕೊಡವವನ್ನು ಅಪಾಯಕ್ಕೊಳಗಾದ ಭಾಷೆಗಳಲ್ಲಿ ಸೇರಿಸಿತು. ಒಂದು ಲಕ್ಷದಷ್ಟು ಜನ, ಅವರಲ್ಲಿ ಗಣನೀಯ ಭಾಗ ಬೆಂಗಳೂರು, ಮೈಸೂರುಗಳಲ್ಲಿಯೂ ಸೇನೆಯ ನೆಲೆಗಳಲ್ಲಿಯೂ ಚದುರಿದವರು. ಇಂತಹ ಕೇಳುಗರನ್ನು ನಂಬಿ ಕಾರ್ಖಾನೆ, ಸ್ಟುಡಿಯೋ, ಅಂಗಡಿ ಮೂರನ್ನೂ ಒಂದೇ ಕಡೆ ಇಟ್ಟುಕೊಂಡ ರಿಚ್‌ಮಂಡ್‌ನಂತಹ ಸಂಸ್ಥೆ ಮಡಿಕೇರಿಯಲ್ಲಿಯೋ ವಿರಾಜಪೇಟೆಯಲ್ಲಿಯೋ ಬೇರೂರುವುದು ಸಾಧ್ಯವಿರಲಿಲ್ಲ. ಒಬ್ಬ ಕವಿಯ, ಒಂದು ಸಂಘದ, ಒಬ್ಬ ಅಭಿಮಾನಿಯ ಉತ್ಸಾಹದ ಮೇಲೆ ಬರುವ ಬಿಡಿ ಸುರುಳಿಗೂ ವರ್ಷದಿಂದ ವರ್ಷಕ್ಕೆ ಪಟ್ಟಿ ಬೆಳೆಸುತ್ತ ಹೋಗುವ ಕಂಪನಿಗೂ ವ್ಯತ್ಯಾಸವಿದೆ. ಕಂಪನಿಗೆ ಲೆಕ್ಕದ ಪುಸ್ತಕವಿರುತ್ತದೆ, ಮೂಲಪ್ರತಿಗಳ ಕಪಾಟು ಇರುತ್ತದೆ, ತಟ್ಟೆಯ ಮೇಲೆ ಕ್ರಮಸಂಖ್ಯೆ ಇರುತ್ತದೆ. ಜೆನೆಟ್ ಮುಚ್ಚಿ ದಶಕಗಳಾದ ಮೇಲೂ ಅದರ ಪಟ್ಟಿಯನ್ನು ಸಂಗ್ರಾಹಕರು ಮರುನಿರ್ಮಿಸಲು ಸಾಧ್ಯವಾದದ್ದು ಆ ಸಂಖ್ಯೆಗಳಿಂದ. ಬಿಡಿ ಸುರುಳಿಗೆ ಅಂತಹ ಕಪಾಟಿಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಬಾನುಲಿ. ೧೯೩೫ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಆರಂಭಿಸಿದರೂ, ೧೯೫೬ರ ನವೆಂಬರ್ ೧ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿದರೂ, ಕೊಡಗಿಗೆ ತನ್ನದೇ ಬಾನುಲಿ ಕೇಂದ್ರ ದೊರೆತದ್ದು ೧೯೯೩ರಲ್ಲಿ, ಮಡಿಕೇರಿ ಆಕಾಶವಾಣಿಯ ಮೂಲಕ. ಮರುವರ್ಷ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ೨೦೧೧ರಲ್ಲಿ ಅರೆಭಾಷೆಗೂ ಒಂದು ಅಕಾಡೆಮಿ ಬಂತು. ಕೊಳ್ಳುವವನನ್ನು ನೆಚ್ಚದ ಮೈಕು ಹಾಡುಗಾರನ ಊರಿಗೆ ಹತ್ತಿರವಾದದ್ದು ಆಗಲೇ. ಬಾನುಲಿಗೆ ಮಾರಾಟದ ಹಂಗಿಲ್ಲ, ಗಡಿಯಾರದ ಹಂಗು ಮಾತ್ರ ಇದೆ. ಹದಿನೈದು ನಿಮಿಷವೋ ಅರ್ಧ ಗಂಟೆಯೋ ಆದೊಡನೆ ದುಡಿ ನಿಲ್ಲಬೇಕು. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಮುದ್ರಿಸುವುದು ಜಗತ್ತಿನ ಹಲವು ಬಾನುಲಿ ಸಂಸ್ಥೆಗಳ ರೂಢಿಯಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ಪ್ರಸಾರ ಮಾಡುವುದು ಬೇರೆ, ಕಾಪಿಡುವುದು ಬೇರೆ.

ಕೊಡಗಿನ ಧ್ವನಿಗಳಲ್ಲಿ ಮುದ್ರಣಕ್ಕೆ ಎಲ್ಲಕ್ಕಿಂತ ಸುಲಭವಾಗಿ ಒಲಿದದ್ದು ವಾಲಗ. ಕೊಂಬು, ಕೊಟ್ಟು, ವಾಲಗದ ಮೇಳಕ್ಕೆ ಮಾತಿಲ್ಲ, ಕಥೆಯಿಲ್ಲ, ಯಾವ ಮನೆಯ ಹೆಸರೂ ಇಲ್ಲ. ಒಂದು ಮಟ್ಟು ಹಿಡಿದರೆ ಕುಣಿಯುವವರು ದಣಿಯುವವರೆಗೆ ಅದು ಸುತ್ತುತ್ತಿರುತ್ತದೆ; ಎಲ್ಲಿ ಕತ್ತರಿಸಿದರೂ ನಷ್ಟವಿಲ್ಲ. ಕೊಡವ ಭಾಷೆ ಬಾರದ ನಗರದ ಮಕ್ಕಳೂ ಅದಕ್ಕೆ ಹೆಜ್ಜೆ ಹಾಕಬಲ್ಲರು. ಸುರು‌ಳಿಯಿಂದ ಅಡಕತಟ್ಟೆಗೆ, ಅಲ್ಲಿಂದ ಮೊಬೈಲಿಗೆ ವಾಲಗ ಸರಾಗವಾಗಿ ದಾಟಿತು. ಈ ಯಶಸ್ಸಿನೊಳಗೆ ಒಂದು ಸಾಮಾಜಿಕ ಪ್ರಶ್ನೆ ಅಡಗಿದೆ. ಪರಂಪರೆಯಲ್ಲಿ ಈ ವಾದ್ಯಗಳನ್ನು ನುಡಿಸುತ್ತ ಬಂದವರು ಮೇದ ಮೊದಲಾದ ಸಮುದಾಯಗಳವರು. ಪುತ್ತರಿ, ಮದುವೆ, ಸಾವು, ಊರಹಬ್ಬ ಯಾವುದೂ ಅವರ ಪೆಟ್ಟಿಲ್ಲದೆ ಆರಂಭವಾಗುತ್ತಿರಲಿಲ್ಲ, ಅದಕ್ಕೆ ಪ್ರತಿಯಾಗಿ ಅವರಿಗೆ ಸಲ್ಲುವ ಭತ್ತ, ಬಟ್ಟೆ, ಹಣ ನಿಗದಿಯಾಗಿತ್ತು. ಮುದ್ರಿತ ವಾಲಗವನ್ನು ಒಮ್ಮೆ ಕೊಂಡರೆ ಅದು ನೂರು ಮದುವೆಗೆ ಒದಗುತ್ತದೆ. ಕೊಡವ ಹಾಡುಗಾರನಿಗೆ ಉದ್ಯಮ ಅವಕಾಶ ಕೊಡಲಿಲ್ಲ ಎನ್ನುವುದು ಒಂದು ದೂರು; ಮೇದ ವಾದ್ಯಗಾರನ ನುಡಿಸಾಣಿಕೆಯನ್ನು ತೆಗೆದುಕೊಂಡು ಅವನ ಸರದಿಯನ್ನೇ ಕಿತ್ತುಕೊಳ್ಳಬಲ್ಲದು ಎನ್ನುವುದು ಅದಕ್ಕಿಂತ ಗಂಭೀರವಾದ ದೂರು. ಕೊಡಗಿನ ಹಾಡನ್ನು ಕುರಿತ ಬರವಣಿಗೆ ಮೊದಲನೆಯದನ್ನು ಮತ್ತೆ ಮತ್ತೆ ಹೇಳಿದೆ, ಎರಡನೆಯದರ ಬಗ್ಗೆ ಹೆಚ್ಚಾಗಿ ಮೌನವಾಗಿದೆ. ಎರವರ, ಜೇನುಕುರುಬರ, ಕುಡಿಯರ ಹಾಡುಗಳಂತೂ ಪುಸ್ತಕದಲ್ಲಿಯೂ ಸುರುಳಿಯಲ್ಲಿಯೂ ಅಂಚಿನಲ್ಲಿಯೇ ನಿಂತವು.

ಹೆಂಗಸರ ಉಮ್ಮತ್ತಾಟದ ಹಾಡು ಇನ್ನೊಂದು ದಾರಿ ಹಿಡಿಯಿತು. ತಾಳ ಹಿಡಿದು ವರ್ತುಲದಲ್ಲಿ ಆಡುವ ಈ ಕುಣಿತ ಶಾಲೆ, ಸಂಘ, ಉತ್ಸವದ ವೇದಿಕೆಗಳ ಮೂಲಕ ಹೊಸ ತಲೆಮಾರಿಗೆ ಮುಟ್ಟಿತು. ಈ ಕಲೆಯನ್ನು ದೀರ್ಘಕಾಲ ಕಲಿಸಿದ ರಾಣಿ ಮಾಚಯ್ಯ ಅವರಿಗೆ ೨೦೨೩ರಲ್ಲಿ ಪದ್ಮಶ್ರೀ ದೊರೆಯಿತು. ಇಲ್ಲಿ ಉಳಿವಿನ ಸಾಧನ ಯಂತ್ರವಲ್ಲ, ತರಬೇತಿ.

ಇಂದು ಸುರುಳಿಯ ಕಾಲ ಮುಗಿದಿದೆ. ಮೊಬೈಲಿನಲ್ಲಿ ಧ್ವನಿಯನ್ನೂ ಚಿತ್ರವನ್ನೂ ಹಿಡಿದು ಅಂತರ್ಜಾಲಕ್ಕೆ ಏರಿಸಲು ಯಾವ ಕಂಪನಿಯ ಅಪ್ಪಣೆಯೂ ಬೇಡ, ಮೂರು ನಿಮಿಷದ ಮಿತಿಯೂ ಇಲ್ಲ. ಪುತ್ತರಿಯ ರಾತ್ರಿ ಒಂದು ಐನ್‌ಮನೆಯಲ್ಲಿ ಹಾಡಿದ ಮನೆಪಾಟನ್ನು ಆ ಮನೆಯ ಮಗಳು ಬೇರೆ ಖಂಡದಲ್ಲಿ ಕುಳಿತು ಪೂರ್ತಿ ಕೇಳಬಹುದು. ಮಾರುಕಟ್ಟೆಗೆ ಬೇಡವಾಗಿದ್ದ ‘ಒಂದೇ ಮನೆಯ ಹಾಡು’ ಈಗ ಆ ಒಂದು ಮನೆಗಾಗಿಯೇ ದಾಖಲಾಗುವುದು ಸಾಧ್ಯವಾಗಿದೆ. ಆದರೆ ಕಪಾಟಿನ ಪ್ರಶ್ನೆ ಹಾಗೆಯೇ ಇದೆ. ಹಾಡಿದವರು ಯಾರು, ಯಾವ ಊರು, ಯಾರಿಂದ ಕಲಿತರು, ಯಾವ ಸಂದರ್ಭ ಎಂಬ ನಾಲ್ಕು ವಿವರಗಳಿಲ್ಲದ ಧ್ವನಿ ಸಂಶೋಧಕನಿಗೆ ಅಷ್ಟಾಗಿ ಒದಗುವುದಿಲ್ಲ.

ಹಾಡಿದವರ ಹೆಸರು ಕಾನೂನಿನ ದೃಷ್ಟಿಯಿಂದಲೂ ಮುಖ್ಯವಾದುದು. ೧೯೫೭ರ ಹಕ್ಕುಸ್ವಾಮ್ಯ ಕಾಯಿದೆ ಆರಂಭದಲ್ಲಿ ಧ್ವನಿಮುದ್ರಿಕೆಯ ನಿರ್ಮಾಪಕನಿಗೆ ಹಕ್ಕು ಕೊಟ್ಟಿತ್ತೇ ಹೊರತು ಹಾಡಿದವನಿಗೆ ಅಲ್ಲ. ೧೯೯೪ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮೊದಲ ಬಾರಿಗೆ ಒಪ್ಪಿತು. ೧೯೯೯ರ ತಿದ್ದುಪಡಿ ಅದರ ಅವಧಿಯನ್ನು ೨೫ ವರ್ಷದಿಂದ ೫೦ ವರ್ಷಕ್ಕೆ ಏರಿಸಿತು. ೨೦೧೨ರದು ತನ್ನ ಹೆಸರಿನಿಂದ ಗುರುತಿಸಿಕೊಳ್ಳುವ ಹಕ್ಕನ್ನೂ ಪ್ರದರ್ಶಕನಿಗೆ ನೀಡಿತು. ಈ ಲೆಕ್ಕದಂತೆ ೨೦೦೦ದಲ್ಲಿ ದುಡಿ ಹಿಡಿದು ಹಾಡಿ, ಅದೇ ವರ್ಷ ಸುರುಳಿಯಾಗಿ ಹೊರಬಂದ ಒಂದು ಬಾಳೋಪಾಟಿನ ಮೇಲೆ ಆ ನಾಲ್ವರು ಹಾಡುಗಾರರ ಹಕ್ಕು ೨೦೫೦ರ ಕೊನೆಯವರೆಗೆ, ನಿರ್ಮಾಪಕನ ಹಕ್ಕು ೨೦೬೦ರ ಕೊನೆಯವರೆಗೆ ಇರುತ್ತದೆ. ಪರಂಪರೆಯಿಂದ ಬಂದ ಹಾಡಿನ ಮೇಲೆ ಯಾರ ಹಕ್ಕೂ ಇಲ್ಲ. ಸುರುಳಿಯ ಹೊದಿಕೆಯ ಮೇಲೆ ‘ಕೊಡವ ಪಾಟ್’ ಎಂದಷ್ಟೇ ಅಚ್ಚಾಗಿದ್ದರೆ, ಆ ನಾಲ್ವರ ಮಕ್ಕಳು ತಮ್ಮ ತಂದೆಯ ಧ್ವನಿಯನ್ನು ಗುರುತಿಸಬಲ್ಲರು. ಕಾಯಿದೆಯ ಮುಂದೆ ಅದನ್ನು ಸಿದ್ಧಪಡಿಸುವುದು ಕಷ್ಟ.